ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಚಾರ್ಜಿಗೆ ಹಾಕುವ ಮುನ್ನ

ಸವಾರಿ ಮುಗಿಸಿ ಬಂದ ಕೂಡಲೇ ಬ್ಯಾಟರಿ ಕಳಚಿ ಚಾರ್ಜಿಗೆ ಹಾಕಬೇಡಿ. ಮುಟ್ಟಿದರೆ ಬಿಸಿ ಹತ್ತದಷ್ಟು ತಣಿಯಲಿ.

ಬಾಗಿಲ ಪಕ್ಕ, ಮೆಟ್ಟಿಲ ಕೆಳಗೆ ಇಡಲೇಬೇಡಿ. ಬೆಂಕಿ ಬಿದ್ದರೆ ನೀವು ಹೊರಗೋಡಬೇಕಾದ ದಾರಿ ಅದೇ. ಸೋಫಾ, ಹಾಸಿಗೆ, ಸಿಲಿಂಡರ್ ಇಲ್ಲದ ಕಡೆ ಬರಿನೆಲದ ಮೇಲಿರಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು, ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟನ್ನೇ ಬಳಸಿ.

ಹೆಚ್ಚಿನವರು ಎಡವುವುದು ಚಾರ್ಜರ್ ಕೊಳ್ಳುವಾಗ. ಹಳೆಯದು ಕೆಟ್ಟಿತೆಂದು ಅಂಗಡಿಗೆ ಹೋಗಿ ‘48 ವೋಲ್ಟಿಂದು ಕೊಡಿ’ ಅಂದರೆ ಸಾಲದು, 48 ಬರೀ ಹೆಸರಿಗೆ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಲಿಥಿಯಂ) ಬಗೆಯ 48 ವೋಲ್ಟ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 13 ಸೆಲ್ (ಒಳಗಿನ ಬಿಡಿ ಬ್ಯಾಟರಿ) ಸಾಲಾಗಿರುತ್ತವೆ. ಸೆಲ್ಲಿಗೆ 4.2 ವೋಲ್ಟ್ ಮಿತಿ, ಅಂದರೆ ಚಾರ್ಜರ್ 54.6ರದ್ದಿರಬೇಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯದರಲ್ಲಿ 16 ಸೆಲ್ ಇದ್ದರೆ ತಲಾ 3.65ರಂತೆ 58.4. ಪಿನ್ ಕೂತಿತೆಂದು ಈ ಎರಡನೆಯದನ್ನು ಮೊದಲನೆಯದಕ್ಕೆ ಹಾಕಿದಿರೋ, ಸೆಲ್ಲಿಗೆ 4.5 ವೋಲ್ಟಿನಷ್ಟು ಬೀಳುತ್ತದೆ. ಒಳಗೆ ಲಿಥಿಯಂ ಲೋಹ ಪದರಗಟ್ಟಿ, ಶಾರ್ಟ್ ಆಗಿ, ಕಾವು ಏರಿ ಒಂದು ಸೆಲ್ ಹೊತ್ತಿದರೆ ಪಕ್ಕದ್ದೂ ಹೊತ್ತುತ್ತದೆ. ‘ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟು) ಇದೆಯಲ್ಲ, ತಡೆಯುತ್ತೆ’ ಎನ್ನುತ್ತಾರೆ. ತಡೆಯುತ್ತದೆ, ನಿಜ. ಆದರೆ ಅದರಲ್ಲಿ ಕರೆಂಟು ಕಡಿಯುವ ಸ್ವಿಚ್ಚು, ಅಂದರೆ ಮಾಸ್ಫೆಟ್, ಶಾರ್ಟ್ ಆಗಿ ಕೆಟ್ಟರೆ ಕರೆಂಟು ನಿಲ್ಲುವುದೇ ಇಲ್ಲ. ಹಾಗಾಗಿ ಬ್ಯಾಟರಿ ಕಂಪನಿ ಹೇಳಿದ ವೋಲ್ಟೇಜನ್ನೂ ಚಾರ್ಜರ್ ಬೆನ್ನ ಮೇಲಿನ ಔಟ್‌ಪುಟ್ ಸಾಲನ್ನೂ ದಶಮಾಂಶದವರೆಗೆ ತಾಳೆ ನೋಡಿ. ಆಂಪಿಯರ್ ಕಡಿಮೆಯಿದ್ದರೆ ನಿಧಾನ ಅಷ್ಟೇ; ಹೆಚ್ಚಿರಬಾರದು. ಲೆಡ್ ಆಸಿಡ್ ಚಾರ್ಜರಂತೂ ಹತ್ತಿರವೂ ಸುಳಿಯಬಾರದು. ದುಬಾರಿಯಾದರೂ ಕಂಪನಿಯದ್ದನ್ನೇ ಕೊಳ್ಳಿ.

‘ಸೆಲ್ ಬದಲಾಯಿಸಿ ಕೊಡ್ತೀವಿ’ ಎನ್ನುವ ಅಂಗಡಿಗಳ ಸಹವಾಸ ಬೇಡ. ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳ ಬ್ಯಾಟರಿಗಿರುವ ಎಐಎಸ್-156 ಸುರಕ್ಷತಾ ನಿಯಮ 2022ರ ಡಿಸೆಂಬರಿನಿಂದ ಬಿಗಿಯಾಗಿದೆ. ಬಿಚ್ಚಿ ಬೆಸುಗೆ ಹಾಕಿದ ಪ್ಯಾಕು ಆ ಪರೀಕ್ಷೆಯನ್ನು ಎದುರಿಸಿರುವುದಿಲ್ಲ.

ರಾತ್ರಿ ಹಾಕಿ ಮಲಗಬೇಡಿ. ತುಂಬಿದ ಮೇಲೆ ತೆಗೆಯಿರಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಅರ್ಧ ಚಾರ್ಜಿನಲ್ಲಿಡಿ.

ಪ್ಯಾಕು ಉಬ್ಬಿದರೆ, ನೇಲ್ ಪಾಲಿಶ್‌ನಂಥ ವಾಸನೆ ಬಂದರೆ ಸ್ವಿಚ್ ಆಫ್ ಮಾಡಿ, ಬಯಲಿಗೆ ಒಯ್ಯಿರಿ, ಚುಚ್ಚಬೇಡಿ, ಒತ್ತಬೇಡಿ. ಹೊಗೆ ಅಥವಾ ಬುಸ್ಸೆನ್ನುವ ಸದ್ದು ಶುರುವಾಗಿದ್ದರೆ ಅದನ್ನು ಮುಟ್ಟುವ ಸಾಹಸವೂ ಬೇಡ. ಆ ಹೊಗೆ ವಿಷ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲೆಳೆದುಕೊಂಡು 112ಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿ ಎಂದು ಹೇಳಿ. ಆರಿದ ಪ್ಯಾಕು ಗಂಟೆಗಳ ನಂತರವೂ ಮತ್ತೆ ಹೊತ್ತಬಹುದು, ಒಳಗೆ ತರಬೇಡಿ. ಹಾಳಾದದ್ದನ್ನು ಗುಜರಿಗೆ ಹಾಕದೆ ಡೀಲರಿಗೆ ತಿಳಿಸಿ. ಹಳೆ ಬ್ಯಾಟರಿ ಸಂಗ್ರಹಿಸುವ ಹೊಣೆ 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ತಯಾರಕರದ್ದು.