ಹೊಸ ಪಿಸಿ ರೆಂಡರ್ ಮಧ್ಯೆ ಕ್ರ್ಯಾಶ್ ಆಗ್ತಿತ್ತು: ನಾನು ಕಾರಣ ಹುಡುಕಿದ್ದು ಹೀಗೆ

ಮಂಡ್ಯದಲ್ಲಿ ಫೋಟೋ ಸ್ಟುಡಿಯೋ ನಡೆಸುವ ನಮ್ಮ ಭಾವನಿಗೆ ಮದುವೆ ವಿಡಿಯೋ ಎಡಿಟಿಂಗ್‌ಗೆ ಅಂತ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಟ್ಟಿದ್ದೆ. ರೈಜನ್ 9 7900ಎಕ್ಸ್ ಪ್ರೊಸೆಸರ್, 64 ಜಿಬಿ ಡಿಡಿಆರ್5 ರ‍್ಯಾಮ್. ಅಂಗಡಿಯಲ್ಲಿ 32 ಜಿಬಿ ಸ್ಟಿಕ್ ಸ್ಟಾಕ್ ಇಲ್ಲ ಅಂತ 16 ಜಿಬಿಯ ನಾಲ್ಕು ಕೊಟ್ಟಿದ್ದರು. ಬಾಕ್ಸ್ ಮೇಲೆ ವೇಗ 6000 ಅಂತ ದಪ್ಪಗೆ ಬರೆದಿತ್ತು.

ಫೋಟೋಶಾಪ್, ಬ್ರೌಸರ್ ಎಲ್ಲ ಚೆನ್ನಾಗೇ ನಡೆಯುತ್ತಿತ್ತು. ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೋ ಫೈಲ್ ಮಾಡೋದು) ಹಾಕಿದರೆ ಮಾತ್ರ ಅರ್ಧದಲ್ಲಿ ನೀಲಿ ಸ್ಕ್ರೀನ್. ಕೆಲವೊಮ್ಮೆ ಅದೂ ಇಲ್ಲ, ಪಟ್ಟಂತ ರೀಸ್ಟಾರ್ಟ್.

ಸ್ಟುಡಿಯೋಗೆ ಬಂದವರೆಲ್ಲ ಒಂದೊಂದು ಹೇಳುತ್ತಿದ್ದರು. ಒಬ್ಬರು ವೋಲ್ಟೇಜ್ ಅಂದರು, ಇನ್ನೊಬ್ಬರು ಫಾರ್ಮ್ಯಾಟ್ ಮಾಡಿ ಅಂದರು. ಹಾಕಿದ್ದೇ ಹೊಸ ವಿಂಡೋಸ್, ಮತ್ತೆ ಫಾರ್ಮ್ಯಾಟ್ ಮಾಡಿ ಏನು ಬಂತು? ಯುಪಿಎಸ್ ತಪ್ಪಿಸಿ ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿದೆ. ಅದೇ ಕಥೆ.

ವಿಂಡೋಸ್ ಬರೆದಿಡುವ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆಗೆದರೆ ಪ್ರತಿ ಸಲವೂ 'ಕರ್ನಲ್-ಪವರ್ 41'. ಪವರ್ ಅಂತ ಇದೆಯಲ್ಲ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಹೋಗಿದೆ ಅಂತ ಭಾವ ಹೊಸದು ತರೋಕೇ ಹೊರಟಿದ್ದರು. ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನೋದಷ್ಟೇ ಆ ಸಾಲಿನ ಅರ್ಥ. ಮತ್ತೆ ಆನ್ ಆದಾಗ ವಿಂಡೋಸ್ ಅದನ್ನು ಬರೆದಿಡುತ್ತದೆ. ಯಾಕೆ ಆಫ್ ಆಯ್ತು ಅನ್ನೋದು ಅದರಲ್ಲಿ ಇರಲ್ಲ. ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ ಸಾಲು ಬರುತ್ತದೆ. ಪ್ರೊಸೆಸರ್ 95 ಡಿಗ್ರಿ ತೋರಿಸಿದ್ದಕ್ಕೂ ಭಾವ ಗಾಬರಿಯಾದರು. ಈ ಚಿಪ್‌ಗೆ ಅದು ಮಾಮೂಲಿ, ಜೋರು ಕೆಲಸ ಕೊಟ್ಟರೆ ಆ ಮಿತಿಯವರೆಗೂ ಹೋಗುವ ಹಾಗೇ ಎಎಂಡಿ ಅದನ್ನು ಮಾಡಿದೆ.

ನನಗೆ ದಾರಿ ತೋರಿಸಿದ್ದು ನೀಲಿ ಸ್ಕ್ರೀನಿನ ಕೆಳಗಿನ ಹೆಸರುಗಳು. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಮ್ಮೆ ಬೇರೆ, ಮತ್ತೊಮ್ಮೆ ಮತ್ತಿನ್ನೇನೋ. ಒಂದೇ ಡ್ರೈವರ್ (ಪಿಸಿಯ ಭಾಗಗಳನ್ನು ವಿಂಡೋಸ್ ನಡೆಸೋಕೆ ಬೇಕಾದ ಸಾಫ್ಟ್‌ವೇರ್) ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಹೆಸರು ತಿರುಗಿ ತಿರುಗಿ ಬರುತ್ತದೆ. ಹೀಗೆ ದಿನಕ್ಕೊಂದು ವೇಷ ಹಾಕಿದರೆ ನನ್ನ ಅನುಮಾನ ಮೊದಲು ರ‍್ಯಾಮ್ ಮೇಲೆ.

ಪೆನ್‌ಡ್ರೈವ್‌ಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಅದರಿಂದಲೇ ಬೂಟ್ ಮಾಡಿದೆ. ಇದಕ್ಕೆ ವಿಂಡೋಸ್ ಬೇಕಿಲ್ಲ, ಹಾಗಾಗಿ ಡ್ರೈವರ್ ಮೇಲಿನ ಅನುಮಾನ ಅಲ್ಲೇ ಕಳೆಯುತ್ತದೆ. ಸ್ವಲ್ಪ ಹೊತ್ತಿಗೆ ಕೆಂಪು ಸಾಲುಗಳು ಶುರುವಾದವು. ಬರೆದದ್ದು ಒಂದು, ಓದಿದ್ದು ಇನ್ನೊಂದು. ಇಲ್ಲಿ ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ.

ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಸ್ಟಿಕ್ ತೆಗೆದು, ಉಳಿದೆರಡನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದೆ. ಪಾಸ್. ಆ ಜೋಡಿ ತೆಗೆದು ಇನ್ನೊಂದನ್ನು ಹಾಕಿದೆ. ಅದೂ ಪಾಸ್! ನಾಲ್ಕನ್ನೂ ಹಾಕಿ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್) ಎಕ್ಸ್‌ಪೋ, ಅಂದರೆ ರ‍್ಯಾಮನ್ನು ಬಾಕ್ಸ್ ಮೇಲಿನ ವೇಗಕ್ಕೆ ಏರಿಸುವ ಆಯ್ಕೆ, ಆಫ್ ಮಾಡಿದರೆ ವೇಗ 3600ಕ್ಕೆ ಇಳಿಯಿತು, ಆಗಲೂ ಎರರ್ ಇಲ್ಲ. ನಾಲ್ಕು ಸ್ಟಿಕ್ ಜೊತೆಗೆ 6000, ಇವೆರಡೂ ಸೇರಿದಾಗ ಮಾತ್ರ ಕೆಂಪು.

ಅಂದರೆ ಯಾವ ಸ್ಟಿಕ್ಕೂ ಕೆಟ್ಟಿರಲಿಲ್ಲ. ಈ ಪ್ರೊಸೆಸರ್‌ನ ಮೆಮೊರಿ ಕಂಟ್ರೋಲರ್‌ಗೆ ಎರಡು ಚಾನಲ್, ಅಂದರೆ ರ‍್ಯಾಮ್ ಜೊತೆ ಮಾತಾಡೋಕೆ ಎರಡು ದಾರಿ. ಚಾನಲ್‌ಗೆ ಒಂದೊಂದು ಸ್ಟಿಕ್ ಇದ್ದರೆ ಎಎಂಡಿ ಖಾತ್ರಿ ಕೊಡುವುದು 5200ಕ್ಕೆ. ಎರಡೆರಡು ಹಾಕಿದರೆ 3600ಕ್ಕೆ ಮಾತ್ರ. 6000 ಅನ್ನೋದು ಓವರ್‌ಕ್ಲಾಕ್, ಅಂದರೆ ಖಾತ್ರಿ ಮೀರಿದ ವೇಗ. ಎರಡು ಸ್ಟಿಕ್‌ಗೆ ಅದು ಬಹಳ ಕಡೆ ನಡೆಯುತ್ತದೆ, ನಾಲ್ಕಕ್ಕೆ ಅದೃಷ್ಟ ಇರಬೇಕು. ಬಾಕ್ಸ್ ಮೇಲಿನ ಅಂಕಿ ಆ ಬಾಕ್ಸಿನೊಳಗಿನ ಸ್ಟಿಕ್‌ಗಳಿಗೆ ಅಷ್ಟೇ, ಎರಡು ಬಾಕ್ಸ್ ಸೇರಿಸಿದರೆ ಅದಕ್ಕೆ ಯಾರೂ ಹೊಣೆಯಲ್ಲ.

ಮದುವೆ ಸೀಸನ್ ಮುಗಿಯುವವರೆಗೆ 3600ರಲ್ಲೇ ಓಡಿಸಿದೆವು. ಕೆಲಸಕ್ಕೆ ಏನೂ ಅಡ್ಡಿಯಾಗಲಿಲ್ಲ. ಆಷಾಢ ಬಂದು ಕೈ ಖಾಲಿಯಾದ ಮೇಲೆ ಅಂಗಡಿಗೆ ಹೋದರೆ, 'ಟೆಸ್ಟ್ ಮಾಡಿದ್ವಿ ಸಾರ್, ನಾಲ್ಕೂ ಸರಿ ಇದೆ' ಅಂದರು. ಸರಿಯಾಗೇ ಇದ್ದವಲ್ಲ! ವಾರಂಟಿ ಮಾತು ಬಿಟ್ಟು, ಮೇಲೆ ಸ್ವಲ್ಪ ದುಡ್ಡು ಕೊಟ್ಟು 32 ಜಿಬಿಯ ಎರಡಕ್ಕೆ ಬದಲಾಯಿಸಿಕೊಂಡೆವು.

ಹೊಸ ರ‍್ಯಾಮ್ ಹಾಕಿ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಾಗೇ ಇತ್ತು. ಸ್ಟುಡಿಯೋ ಹುಡುಗ ಪವರ್ ಬಟನ್‌ಗೆ ಕೈ ಹಾಕಿದ. 'ಮುಟ್ಬೇಡ, ಇರು' ಅಂದೆ. ಡಿಡಿಆರ್5 ಬೋರ್ಡ್ ಮೊದಲ ಸಲ ರ‍್ಯಾಮ್ ಜೊತೆ ಹೊಂದಿಕೊಳ್ಳೋಕೆ ಕೆಲವು ನಿಮಿಷ ತಗೊಳ್ಳುತ್ತದೆ. ಡಿಸ್‌ಪ್ಲೇ ಬಂದ ಮೇಲೆ ಎಕ್ಸ್‌ಪೋ ಆನ್ ಮಾಡಿ, ಮೆಮ್‌ಟೆಸ್ಟ್ ಹಚ್ಚಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಒಂದೂ ಎರರ್ ಇರಲಿಲ್ಲ.