ಸಾಂತಾ ವೇಷ, 5 ಕಿಲೋಮೀಟರ್ ಮತ್ತು ಚಂದಾ ಪುಸ್ತಕ

ಡಿಸೆಂಬರ್ ಬಂದರೆ ಇಂಗ್ಲೆಂಡಿನ ಊರೂರಲ್ಲೂ ಕೆಂಪು ಅಂಗಿ, ಬಿಳಿ ಗಡ್ಡದವರು ಗುಂಪು ಗುಂಪಾಗಿ ಓಡುತ್ತಾರೆ. ಇದಕ್ಕೆ ಸಾಂತಾ ಡ್ಯಾಶ್ ಅಂತ ಹೆಸರು. ಓಡುವುದು ನೆಪ, ಯಾವುದಾದರೂ ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸುವುದು ಉದ್ದೇಶ. ಲಿವರ್‌ಪೂಲ್‌ನ ಓಟ 2004ರಿಂದ ನಡೆಯುತ್ತಿದೆ. ಅಲ್ಲಿ ಕೆಂಪು ಸಾಂತಾಗಳ ಜೊತೆ ನೀಲಿ ಸಾಂತಾಗಳೂ ಇರುತ್ತಾರೆ. ಆ ಊರಿಗೆ ಎರಡು ದೊಡ್ಡ ಫುಟ್‌ಬಾಲ್ ತಂಡಗಳು, ಒಂದರ ಬಣ್ಣ ಕೆಂಪು, ಇನ್ನೊಂದರದು ನೀಲಿ. ಒಂದು ತಂಡದ ಅಭಿಮಾನಿಗೆ ಇನ್ನೊಂದರ ಬಣ್ಣ ತೊಡಿಸಲು ಸಾಂತಾನಿಂದಲೂ ಆಗುವುದಿಲ್ಲ. ಹಾಗೆ ನೋಡಿದರೆ ಸಾಂತಾಗಳನ್ನು ಒಂದೇ ಕಡೆ ಸೇರಿಸಿ ಗಿನ್ನೆಸ್ ದಾಖಲೆ ಮಾಡಿದ್ದು ನಮ್ಮ ಪಕ್ಕದ ಕೇರಳದವರು. 2014ರ ಡಿಸೆಂಬರ್‌ನಲ್ಲಿ ತ್ರಿಶ್ಶೂರಿನಲ್ಲಿ 18,112 ಸಾಂತಾಗಳು ಸೇರಿದ್ದರು. ಇದನ್ನು ನಮ್ಮ ರನ್ನಿಂಗ್ ಕ್ಲಬ್ಬಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಫೋನ್ ತೆಗೆದು ತೋರಿಸಬೇಕಾಯಿತು.

ನಾನಿರುವುದು ಲೀಡ್ಸ್‌ನಲ್ಲಿ. ಹಾಸನದವನು. ಕ್ಲಬ್ ಅಂದ ತಕ್ಷಣ ಏನೋ ದೊಡ್ಡದು ಅಂದುಕೊಳ್ಳಬೇಡಿ. ವಾರದ ಮಧ್ಯೆ ಒಂದು ಸಂಜೆ ಬೀದಿದೀಪದ ಕೆಳಗೆ ಸೇರುತ್ತೇವೆ, ಓಡುತ್ತೇವೆ, ಮಾತಾಡುತ್ತೇವೆ, ಮನೆಗೆ ಹೋಗುತ್ತೇವೆ. ಶನಿವಾರ ಬೆಳಗ್ಗೆ 9 ಗಂಟೆಗೆ ಪಾರ್ಕ್‌ರನ್, ಅಂದರೆ ಪಾರ್ಕಿನಲ್ಲಿ 5 ಕಿಲೋಮೀಟರ್ ಓಟ. ಅದು 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಟಗಾರರಿಂದ ಶುರುವಾದದ್ದು, ಈಗ ಎಲ್ಲ ಕಡೆ ಇದೆ, ಪೂರ್ತಿ ಉಚಿತ. ನನ್ನಂಥ ಕುರ್ಚಿಗೆ ಅಂಟಿಕೊಂಡ ಐಟಿ ಮನುಷ್ಯನೂ ಓಡಲು ಕಲಿತದ್ದು ಅಲ್ಲೇ. ಹಾಗಾಗಿ ನಮ್ಮೂರಿನ ಸಾಂತಾ ಡ್ಯಾಶ್‌ಗೆ ನಾನೂ ಹೆಸರು ಕೊಟ್ಟಾಗ ಅದರ 5 ಕಿಲೋಮೀಟರ್ ನನಗೆ ದೊಡ್ಡ ವಿಷಯವಾಗಿರಲಿಲ್ಲ. ಕಷ್ಟ ಅನಿಸಿದ್ದು ದುಡ್ಡು ಕೇಳುವುದು. ಈ ಬರಹದಲ್ಲಿ ಓಟಕ್ಕಿಂತ ಅದೇ ಜಾಸ್ತಿ ಇದೆ.

ಶುಲ್ಕ ಕಟ್ಟಿ ಓಡುತ್ತಿದ್ದೇನೆ ಅಂತ ಊರಿಗೆ ಫೋನ್ ಮಾಡಿ ಹೇಳಿದೆ. "ಓಡೋಕೂ ದುಡ್ಡು ಕಟ್ಬೇಕಾ? ಇಲ್ಲಿದ್ದಾಗ ಬಸ್ಸಿನ ಹಿಂದೆ ಸುಮ್ನೆ ಓಡ್ತಿದ್ಯಲ್ಲೋ" ಅಂದರು ಅಮ್ಮ.

ಅಮ್ಮನ ಪ್ರಶ್ನೆ ಸರಿಯಾಗಿಯೇ ಇದೆ. ಇಲ್ಲಿ ಎರಡು ಬೇರೆ ಬೇರೆ ದುಡ್ಡು ಇರುತ್ತದೆ, ಹೊಸಬರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು ಪ್ರವೇಶ ಶುಲ್ಕ. ಸಾಂತಾ ಸೂಟು, ಮೆಡಲ್, ಪ್ರಥಮ ಚಿಕಿತ್ಸೆಯವರು, ತಾತ್ಕಾಲಿಕ ಶೌಚಾಲಯ, ಪಾರ್ಕಿನ ಅನುಮತಿ, ಎಲ್ಲದರ ಖರ್ಚು ಇದರಿಂದ ಹೋಗಬೇಕು. ಮಿಕ್ಕಿದ್ದು ಮಾತ್ರ ದಾನಕ್ಕೆ. ಎರಡನೆಯದು ಸ್ಪಾನ್ಸರ್ ದುಡ್ಡು. 'ನಾನು ಓಡ್ತೀನಿ, ನೀವು ಈ ಸಂಸ್ಥೆಗೆ ಕೊಡಿ' ಅಂತ ಪರಿಚಯದವರ ಹತ್ತಿರ ಕೇಳಿ ಕೂಡಿಸುವುದು. ಶುಲ್ಕ ಕಟ್ಟಿ ಸುಮ್ಮನೆ ಓಡಿಬಂದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಸಂಸ್ಥೆಗೆ ನಿಜವಾದ ಉಪಯೋಗ ಆಗುವುದು ಈ ಎರಡನೆಯದರಿಂದ.

ನಮ್ಮ ಓಟ ಇದ್ದದ್ದು ಊರಿನ ಹಾಸ್ಪಿಸ್‌ಗಾಗಿ. ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋವಿಲ್ಲದಂತೆ ನೋಡಿಕೊಳ್ಳುವ ಜಾಗ. ಈಗಿನ ರೂಪದ ಹಾಸ್ಪಿಸ್ ಶುರುವಾದದ್ದೇ ಈ ದೇಶದಲ್ಲಿ, 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದಾಗ. ಇಲ್ಲಿ ಆಸ್ಪತ್ರೆ ಎಲ್ಲ ಸರ್ಕಾರದ್ದೇ ಅಲ್ವಾ, ಮತ್ಯಾಕೆ ಚಂದಾ ಅಂತ ನಾನೂ ಕೇಳಿದ್ದೆ. ಹಾಸ್ಪಿಸ್‌ಗಳು ಹಾಗಲ್ಲ. ದೊಡ್ಡವರ ಹಾಸ್ಪಿಸ್‌ಗಳ ಖರ್ಚಿನಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಮಾತ್ರ ಸರ್ಕಾರದಿಂದ ಬರುತ್ತದೆ. ಉಳಿದದ್ದು ಜನರ ದಾನ, ಹಳೆ ಬಟ್ಟೆ ಮಾರುವ ಅಂಗಡಿಗಳು, ಉಯಿಲಿನಲ್ಲಿ ಬರೆದಿಟ್ಟ ಆಸ್ತಿ, ಇಂಥ ಓಟಗಳು. ರೋಗಿಯ ಮನೆಯವರಿಂದ ಒಂದು ಪೆನ್ನಿಯೂ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯವೂ ಹೀಗೆಯೇ ಉಚಿತ. ಕನ್ನಡದವರಿಗೆ ಹೇಳುವಾಗ ನಾನು ಅದರ ಹೆಸರು ಹೇಳುತ್ತಿದ್ದೆ, ತಕ್ಷಣ ಅರ್ಥವಾಗುತ್ತಿತ್ತು.

ಲೀಡ್ಸ್‌ನವರಿಗೆ ಮಾತ್ರ ಏನೂ ವಿವರಿಸಬೇಕಾಗಿಲ್ಲ. ಇದು ಜೇನ್ ಟಾಮ್ಲಿನ್‌ಸನ್ ಅವರ ಊರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ರೇಡಿಯೋಗ್ರಾಫರ್ ಆಗಿದ್ದವರು. 2000ದಲ್ಲಿ ಅವರ ಕ್ಯಾನ್ಸರ್ ಗುಣವಾಗುವುದಿಲ್ಲ ಅಂತ ವೈದ್ಯರು ಹೇಳಿದರು. ಅದಾದ ಮೇಲೆ ಆಕೆ ಮ್ಯಾರಥಾನ್ ಓಡಿದರು, ಅಮೆರಿಕದ ಉದ್ದಕ್ಕೂ ಸೈಕಲ್ ತುಳಿದರು. 2007ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಕೂಡಿಸಿದ್ದು 18 ಲಕ್ಷ ಪೌಂಡಿಗೂ ಜಾಸ್ತಿ. ಅದೇ ವರ್ಷ ಅವರ ಹೆಸರಿನಲ್ಲಿ ಶುರುವಾದ 10 ಕಿಲೋಮೀಟರ್ ಓಟ ಇಲ್ಲಿ ಈಗಲೂ ಪ್ರಸಿದ್ಧ. ಇಂಥ ಊರಿನಲ್ಲಿ ಯಾರಾದರೂ ಓಡುತ್ತೇನೆ, ದುಡ್ಡು ಕೊಡಿ ಅಂದರೆ ಜನ ವಿಚಿತ್ರವಾಗಿ ನೋಡುವುದಿಲ್ಲ.

ವಿಚಿತ್ರ ಅನಿಸಿದ್ದು ನನಗೆ. ಹುಂಡಿಗೆ ಹಾಕಿ ಗೊತ್ತು, ಕೈ ಚಾಚಿ ಗೊತ್ತಿಲ್ಲ. ಆಮೇಲೆ ನೆನಪಾಯಿತು, ಗೊತ್ತಿಲ್ಲದೆ ಏನು? ಹುಡುಗನಾಗಿದ್ದಾಗ ಪ್ರತಿ ವರ್ಷ ಗಣೇಶನ ಚಂದಾ ಎತ್ತಿದವನೇ ನಾನು. ರಸೀದಿ ಪುಸ್ತಕ ಹಿಡಿದು ಬೀದಿ ಬೀದಿ ಸುತ್ತಿದ್ದೇವೆ. ಆಗ ನಮ್ಮ ಬೀದಿಯ ದೊಡ್ಡ ಹುಡುಗರು ಒಂದು ಉಪಾಯ ಮಾಡುತ್ತಿದ್ದರು. ಮೊದಲು ಹೋಗುತ್ತಿದ್ದದ್ದು ಧಾರಾಳವಾಗಿ ಕೊಡುವ ದಿನಸಿ ಅಂಗಡಿಯವರ ಹತ್ತಿರ. ಪುಸ್ತಕದ ಮೊದಲ ಹಾಳೆಯಲ್ಲಿ ಅವರ ಹೆಸರು, ದೊಡ್ಡ ಮೊತ್ತ. ಆಮೇಲೆ ಪ್ರತಿ ಮನೆಯಲ್ಲೂ ಆ ಹಾಳೆ ತೆರೆದು ತೋರಿಸುವುದು. ಅದನ್ನು ನೋಡಿದವರು ಎಂಟಾಣೆ ಕೊಟ್ಟು ಕಳಿಸುತ್ತಿರಲಿಲ್ಲ.

ಇಲ್ಲಿ ದುಡ್ಡು ಕೂಡಿಸುವ ವೆಬ್‌ಸೈಟ್ ಕೂಡ ಅದೇ ಚಂದಾ ಪುಸ್ತಕ. ನಿಮ್ಮ ಹೆಸರಿನಲ್ಲಿ ಒಂದು ಪುಟ, ಅದರಲ್ಲಿ ಕೊಟ್ಟವರ ಹೆಸರು, ಎಷ್ಟು ಕೊಟ್ಟರು ಅನ್ನುವುದು, ಎಲ್ಲರಿಗೂ ಕಾಣುವಂತೆ. ಹಾಗಾಗಿ ಪುಟವನ್ನು ಯಾರಿಗೂ ಕಳಿಸುವ ಮುಂಚೆ ನಾನೇ ಒಂದಿಷ್ಟು ಹಾಕಿದೆ. ಆಮೇಲೆ ನಮ್ಮ ಕನ್ನಡಿಗರ ಗುಂಪಿನ ಹಿರಿಯ ಡಾಕ್ಟರ್ ಅಂಕಲ್‌ಗೆ ಫೋನ್ ಮಾಡಿದೆ. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದವರು, ಈಗ ನಿವೃತ್ತರು.

"ಏನಪ್ಪಾ, ಓಡೋದು ನೀನು, ದುಡ್ಡು ಕೊಡೋದು ನಾನಾ?" ಅಂದರು.

"ನೀವೇ ಓಡಿ ಅಂಕಲ್, ನಾನು ಕೊಡ್ತೀನಿ" ಅಂದೆ.

ನಕ್ಕು 50 ಪೌಂಡ್ ಹಾಕಿದರು. ಆ 50 ಮೇಲೆ ಕೂತಿದ್ದರಿಂದ ಅದರ ಕೆಳಗೆ 20, 20, 10 ಅಂತ ಬಂತು. ಮೊದಲ ಸಾಲಿನಲ್ಲಿ 5 ಇದ್ದಿದ್ದರೆ ಎಲ್ಲರೂ 5 ಹಾಕುತ್ತಿದ್ದರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು. 'ನಿಮ್ಮ ಕೈಲಾದಷ್ಟು ಕೊಡಿ' ಅಂತ ನಾನು ಯಾರಿಗೂ ಬರೆಯಲಿಲ್ಲ. ಕೇಳಲು ವಿನಯವಾಗಿದೆ, ಆದರೆ ಕೊಡುವವರಿಗೆ ಅದು ತಲೆನೋವು. ಎಷ್ಟು ಕೊಟ್ಟರೆ ಕಡಿಮೆ ಆಗುತ್ತೋ, ಎಷ್ಟು ಕೊಟ್ಟರೆ ತೋರಿಕೆ ಆಗುತ್ತೋ ಅಂತ ಯೋಚಿಸುತ್ತಾ ಆಮೇಲೆ ನೋಡೋಣ ಅಂತ ಬಿಟ್ಟುಬಿಡುತ್ತಾರೆ. '10 ಪೌಂಡ್ ಹಾಕ್ತೀರಾ?' ಅಂತ ನೇರವಾಗಿ ಕೇಳಿದರೆ ಆಗುತ್ತೆ ಅನ್ನುತ್ತಾರೆ, ಇಲ್ಲ ಅನ್ನುತ್ತಾರೆ, ಮುಗಿಯಿತು. ವಾಟ್ಸಾಪ್ ಗುಂಪಿಗೆ ಒಂದೇ ಸಂದೇಶ ಎಸೆದು ಕೂರುವುದೂ ಕೆಲಸಕ್ಕೆ ಬರುವುದಿಲ್ಲ. ಬೇರೆಯವರು ಕೊಡುತ್ತಾರೆ ಬಿಡು ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬೇರೆ ಬೇರೆ ಬರೆದೆ. ಕನ್ನಡದವರಿಗೆ ಕನ್ನಡದಲ್ಲೇ. ಗುಂಪಿಗೆ ಹಾಕಿದ್ದು ಸೂಟು ತೊಟ್ಟ ಫೋಟೋ ಮಾತ್ರ, ಅದೂ ಸಂಬಳ ಆದ ಮೇಲೆ. ಇಲ್ಲಿ ಬಹಳ ಕಂಪನಿಗಳು ಡಿಸೆಂಬರ್ ಸಂಬಳವನ್ನು ಕ್ರಿಸ್‌ಮಸ್‌ಗೆ ಮುಂಚೆಯೇ ಹಾಕುತ್ತವೆ. ಗಡ್ಡ ಕಟ್ಟಿಕೊಂಡ ನನ್ನ ಮುಖ ನೋಡಿ ನಕ್ಕವರೆಲ್ಲ ಕೊಟ್ಟರು ಅಂತಲ್ಲ, ಆದರೆ ಆ ಫೋಟೋ ತಂದಷ್ಟನ್ನು ಹಾಸ್ಪಿಸ್ ಬಗ್ಗೆ ನಾನು ಬರೆದ ಉದ್ದನೆಯ ಬರಹ ತರಲಿಲ್ಲ.

ಗಿಫ್ಟ್ ಏಡ್ ಅನ್ನುವುದನ್ನು ಎಲ್ಲರಿಗೂ ವಿವರಿಸಿ. ಇಲ್ಲಿ ತೆರಿಗೆ ಕಟ್ಟುವವರು ದುಡ್ಡು ಹಾಕುವಾಗ ಆ ಹೆಸರಿನ ಚೌಕದಲ್ಲಿ ಟಿಕ್ ಹಾಕಿದರೆ ಅವರು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸಿ ಸಂಸ್ಥೆಗೆ ಕೊಡುತ್ತದೆ. ಅವರು ಆಗಲೇ ಕಟ್ಟಿದ ತೆರಿಗೆಯೇ ಅದು, ಕೊಡುವವರ ಜೇಬಿನಿಂದ ಹೆಚ್ಚಿಗೆ ಏನೂ ಹೋಗುವುದಿಲ್ಲ. ಆದರೆ ತೆರಿಗೆ ಕಟ್ಟದ ವಿದ್ಯಾರ್ಥಿಗಳು, ಊರಿನಿಂದ ಕಳಿಸುವ ಅಣ್ಣ ಅಕ್ಕಂದಿರು ಟಿಕ್ ಹಾಕಬಾರದು. ಕಟ್ಟಿದ ತೆರಿಗೆ ಸಾಲದಿದ್ದರೆ ಆ ವ್ಯತ್ಯಾಸವನ್ನು ಕೊಟ್ಟವರೇ ತುಂಬಬೇಕಾಗುತ್ತದೆ. ಆಫೀಸಿನಲ್ಲೂ ವಿಚಾರಿಸಿ. ನೀವು ಕೂಡಿಸಿದಷ್ಟನ್ನೇ ಕಂಪನಿಯೂ ಸೇರಿಸಿ ಕೊಡುವ ಪದ್ಧತಿ ಹಲವು ಕಡೆ ಇದೆ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ನಮ್ಮವರಲ್ಲಿ ಕೆಲವರು ಮೊತ್ತ ಕಾಣದಂತೆ ಮಾಡಿ ಕೊಟ್ಟರು, ಕೆಲವರು ಹೆಸರೂ ಹಾಕಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುವ ಜನ. ಮೊದಲ ಸಾಲಿನ ಉಪಾಯ ನಂಬಿದ ನನಗೆ ಸ್ವಲ್ಪ ಬೇಜಾರು, ಆದರೆ ಅದು ಅವರ ಇಷ್ಟ.

ಇನ್ನು ಓಟ.

ಸೂಟು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ: ಕೋಟು, ಪ್ಯಾಂಟು, ಟೋಪಿ, ಬೆಲ್ಟು, ಗಡ್ಡ. ಎಲ್ಲರಿಗೂ ಒಂದೇ ಅಳತೆ, ಅಂದರೆ ಯಾರಿಗೂ ಸರಿಹೋಗದ ಅಳತೆ. ಪ್ಯಾಂಟಿನ ಕಾಲನ್ನು ಕಣಕಾಲಿನ ಮೇಲಕ್ಕೆ ಕತ್ತರಿಸಿ, ಇಲ್ಲದಿದ್ದರೆ ತುಳಿದು ಮುಗ್ಗರಿಸುತ್ತೀರಿ. ಸೊಂಟದ ಎಲಾಸ್ಟಿಕ್ ನಂಬಬೇಡಿ, ಒಂದು ಲಾಡಿ ಪೋಣಿಸಿ ಬಿಗಿಯಾಗಿ ಕಟ್ಟಿ. ಒಳಗೆ ಟೈಟ್ಸ್ ಇರಲಿ, ಮಾನ ಉಳಿಯುತ್ತದೆ. ಚಳಿ ಅಂತ ಕೋಟಿನ ಒಳಗೆ ಸ್ವೆಟರ್ ಹಾಕಬೇಡಿ. ಅದು ಪಾಲಿಯೆಸ್ಟರ್, ಬೆವರು ಹೊರಗೆ ಹೋಗುವುದಿಲ್ಲ, ಒಂದು ಕಿಲೋಮೀಟರ್ ಆಗುವಷ್ಟರಲ್ಲಿ ಬೆಂದುಹೋಗುತ್ತೀರಿ. ತೋಳುದ್ದದ ತೆಳ್ಳನೆಯ ಟೀ ಶರ್ಟ್ ಸಾಕು. ಓಟದ ನಂಬರನ್ನು ಕೋಟಿನ ಎದುರಿಗೆ ನಾಲ್ಕು ಪಿನ್ನಿನಿಂದ ಚುಚ್ಚಿ. ಹಿಂದಿನ ವಾರ ಒಂದು ಸಲ ಪೂರ್ತಿ ವೇಷದಲ್ಲಿ ಮನೆ ಹತ್ತಿರ ಓಡಿನೋಡಿ. ಬೀದಿಯ ಮಕ್ಕಳು ಹಿಂದೆ ಬರುತ್ತಾರೆ, ಬರಲಿ.

ಗಡ್ಡದ ವಿಷಯ ಬೇರೆಯೇ. ಉಸಿರಿಗೆ ಒದ್ದೆಯಾಗುತ್ತದೆ, ಬಾಯೊಳಗೆ ನೂಲು ಹೋಗುತ್ತದೆ, ಕನ್ನಡಕ ಮಂಜಾಗುತ್ತದೆ. ಹೊರಡುವಾಗ ಫೋಟೋಗೆ ಕಟ್ಟಿಕೊಳ್ಳಿ, ಓಡುವಾಗ ಗದ್ದದ ಕೆಳಗೆ ಎಳೆದುಕೊಳ್ಳಿ, ಮುಗಿಯುವ ಗೆರೆ ಕಂಡಾಗ ಮತ್ತೆ ಮೇಲಕ್ಕೆ. ಎಲ್ಲರೂ ಮಾಡುವುದು ಅದನ್ನೇ.

ಓಟ ಇದ್ದದ್ದು ರೌಂಡ್‌ಹೇ ಪಾರ್ಕಿನಲ್ಲಿ. 700 ಎಕರೆ ಮೀರಿದ ಪಾರ್ಕು, ಒಳಗೆ ವಾಟರ್‌ಲೂ ಅನ್ನುವ ದೊಡ್ಡ ಕೆರೆ. ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧ ಮುಗಿಸಿ ಬಂದು ಕೆಲಸವಿಲ್ಲದೆ ಇದ್ದ ಸೈನಿಕರು ಅಗೆದ ಕೆರೆ ಅಂತ ಊರವರು ಹೇಳುತ್ತಾರೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಕಾಣುವುದೇ ಎಂಟು ಗಂಟೆ ಮೀರಿದ ಮೇಲೆ, ನಾಲ್ಕಕ್ಕೆ ಮುಂಚೆ ಮತ್ತೆ ಮುಳುಗುತ್ತಾನೆ. ಹತ್ತು ಗಂಟೆಗೂ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಹಿತ್ತಾಳೆ ವಾದ್ಯದವರು ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ನುಡಿಸುತ್ತಿದ್ದರು. ನಮ್ಮ ಈ ಯಾರ್ಕ್‌ಷೈರ್ ಸೀಮೆಯಲ್ಲಿ ಬ್ರಾಸ್ ಬ್ಯಾಂಡ್ ಇಲ್ಲದೆ ಕ್ರಿಸ್‌ಮಸ್ ಇಲ್ಲ.

ಮೊದಲ ತೊಂದರೆ ಮಕ್ಕಳದ್ದು. ನೂರಾರು ಅಪ್ಪಂದಿರು ಒಂದೇ ಥರ ಕಂಡರೆ ಮಗು ಯಾರ ಕೈ ಹಿಡಿಯಬೇಕು? ನನ್ನ ಮಗಳಿಗೆ ಮುಖ ನೋಡಬೇಡ, ಕಿತ್ತಳೆ ಶೂ ನೋಡು ಅಂತ ಮೊದಲೇ ಹೇಳಿದ್ದೆ. ಹೊರಡುವ ಗೆರೆಯ ಮುಂದೆ ಕ್ಲಬ್ಬಿನ ವೇಗದವರು ನಿಲ್ಲುತ್ತಾರೆ, ಗಡ್ಡ ಜೇಬಿನಲ್ಲಿ ಇಟ್ಟುಕೊಂಡು. ಅವರ ದಾರಿಗೆ ಹೋಗಬೇಡಿ. ಮಕ್ಕಳ ಗಾಡಿ ತಳ್ಳುವವರು, ಜಿಂಕೆ ಕೊಂಬು ಕಟ್ಟಿದ ನಾಯಿ ಹಿಡಿದವರು ಹಿಂದೆ. ನಾನು ನಡುವೆ. ಕೆರೆ ಸುತ್ತ ಸಮತಟ್ಟು, ಆರಾಮ. ಅಲ್ಲಿಂದ ಮೇಲೆ ಮ್ಯಾನ್ಷನ್ ಅನ್ನುವ ಹಳೆಯ ಬಂಗಲೆಯ ಕಡೆಗೆ ಹತ್ತುವ ಏರು ಎಲ್ಲರನ್ನೂ ನಡೆಸುತ್ತದೆ. ಹಳದಿ ಜಾಕೆಟ್ ತೊಟ್ಟು ದಾರಿ ತೋರಿಸುವ ಮಾರ್ಷಲ್‌ಗಳು ತಿರುವುಗಳಲ್ಲಿ ನಿಂತು 'ಬನ್ನಿ ಸಾಂತಾ, ಬನ್ನಿ' ಅಂತ ಕೂಗುತ್ತಿದ್ದರು. ಯಾರನ್ನು ಅಂತ ಯಾರಿಗೂ ಗೊತ್ತಾಗದಿದ್ದರಿಂದ ಎಲ್ಲರೂ ಜೋರಾಗಿ ಓಡಿದರು. ಎಲ್ಲರಿಗಿಂತ ಹಿಂದೆ ಕ್ಲಬ್ಬಿನ ಒಬ್ಬರು ಬೇಕಂತಲೇ ನಡೆದು ಬರುತ್ತಾರೆ. ಹಾಗಾಗಿ ಓಟಗಾರರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ಈ ಏರ್ಪಾಡು ನನಗೆ ತುಂಬಾ ಇಷ್ಟ. ಸಮಯ ಯಾರೂ ಬರೆದುಕೊಳ್ಳಲಿಲ್ಲ, ನಾನೂ ನೋಡಲಿಲ್ಲ.

ಓಟ ಮುಗಿದ ಜಾಗದಲ್ಲಿ ತಿಂಡಿಯ ಮೇಜು. ಅದರ ದುಡ್ಡೂ ಹಾಸ್ಪಿಸ್‌ಗೇ. ಮಿನ್ಸ್ ಪೈ ಅನ್ನುವುದರಲ್ಲಿ ಮಾಂಸ ಇರುವುದಿಲ್ಲ, ಒಣಹಣ್ಣಿನ ಹೂರಣ. ಆದರೆ ಹಳೆಯ ಪದ್ಧತಿಯಲ್ಲಿ ಅದಕ್ಕೆ ಸೂಯೆಟ್ ಅಂತ ದನದ ಕೊಬ್ಬು ಹಾಕುತ್ತಾರೆ. ಸಸ್ಯಾಹಾರಿಗಳು ಕೇಳಿ ತಿನ್ನಿ, ಎಣ್ಣೆಯಿಂದ ಮಾಡಿದ ಸಸ್ಯಾಹಾರಿ ಸೂಯೆಟ್ ಹಾಕಿದ್ದೂ ಸಿಗುತ್ತದೆ. ನನ್ನ ಹೆಂಡತಿ ಚಿತ್ರಾನ್ನ ಮಾಡಿಕೊಂಡು ಹೋಗೋಣ ಅಂದಿದ್ದಳು. ಇಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ, ಮೇಜಿನ ಮೇಲಿಡುವ ಪ್ರತಿ ತಿಂಡಿಗೂ ಅದರಲ್ಲಿ ಏನೇನಿದೆ ಅಂತ ಚೀಟಿ ಬರೆಯಲು ಕ್ಲಬ್ಬಿನವರು ಹೇಳಿದ್ದರು. ಕಡಲೆಕಾಯಿ ಆ ಪಟ್ಟಿಯಲ್ಲಿದೆ, ಸಾಸಿವೆಯೂ ಇದೆ. ಇವನ್ನು ಹಾಕಿ ಯಾರಿಗಾದರೂ ತೊಂದರೆ ಆಗುವುದು ಬೇಡ ಅನಿಸಿತು, ಆದರೆ ಒಗ್ಗರಣೆಯೇ ಇಲ್ಲದಿದ್ದರೆ ಚಿತ್ರಾನ್ನ ಯಾತಕ್ಕೆ? ಚಕ್ಕುಲಿ ಮಾಡಿದಳು. ಎಳ್ಳು, ಬೆಣ್ಣೆ ಅಂತ ಚೀಟಿ ಅಂಟಿಸಿ ಇಟ್ಟೆವು. ಜೊತೆಗೆ ಫ್ಲಾಸ್ಕಿನಲ್ಲಿ ಶುಂಠಿ ಚಹಾ, ಲೋಟಕ್ಕೆ ಒಂದು ಪೌಂಡ್. ಆ ಚಳಿಗೆ ಚಹಾ ಮೊದಲು ಖಾಲಿಯಾಯಿತು. ಮಾರ್ಷಲ್‌ಗಳಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಓಟದ ದಿನವೇ ಪುಟ ಮುಚ್ಚಬೇಡಿ. ಮೆಡಲ್ ಹಾಕಿಕೊಂಡ ಫೋಟೋ ಕಳಿಸಿ ಕೊಟ್ಟವರಿಗೆಲ್ಲ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಕೊಡ್ತೀನಿ ಅಂತ ಮರೆತವರು ಅದನ್ನು ನೋಡಿ ಕೊಡುತ್ತಾರೆ. ನಾನು ಇಟ್ಟುಕೊಂಡಿದ್ದ 200 ಪೌಂಡಿನ ಗುರಿ ದಾಟಿದ್ದು ಹಾಗೆಯೇ, ಓಟ ಮುಗಿದ ಮೇಲೆ.

ಸೂಟು ಎಸೆಯಬೇಡಿ, ಮುಂದಿನ ವರ್ಷಕ್ಕೆ ಬೇಕು. ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ. ಬಿಸಿ ನೀರಿಗೆ ಹಾಕಿದರೆ ಕೆಂಪು ಬಿಟ್ಟು ಬಿಳಿ ಅಂಚೆಲ್ಲ ಗುಲಾಬಿ ಆಗುತ್ತದೆ. ಕ್ಲಬ್ಬಿನಲ್ಲಿ ಗುಲಾಬಿ ಗಡ್ಡದ ಸಾಂತಾ ಒಬ್ಬರು ಆಗಲೇ ಇದ್ದಾರೆ.