ಮೂರು ಅಕ್ಷರದ ಹಿಂದೆ ಆರು ವರ್ಷ

ಚಿಕ್ಕೋಡಿ ಕೋರ್ಟಿನ ಎದುರು ಕೂತು ಬರೆಯುವವರಿಗೆ ನನ್ನ ಕತೆ ಅರ್ಧ ಗೊತ್ತು. ಹಳೇ ಕಾಗದದ ಹುಚ್ಚು ಹಿಡಿದಿದೆ ಅಂತ ನಗುತ್ತಿದ್ದವರೇ ಈಗ ವಾರಕ್ಕೆ ಎರಡು ಸಲ ಫೋನ್ ಮಾಡಿ "ಅಣ್ಣಾ, ಒಂದ್ ಶಬ್ದ ಐತಿ, ವಾಟ್ಸಾಪಿಗೆ ಹಾಕೀನಿ, ನೋಡ್" ಅಂತಾರೆ. ಅದಕ್ಕೇ ಹಳೇ ಜಮೀನು ಪತ್ರದ ಶಬ್ದಗಳ ಅರ್ಥ ನಾನು ಹೇಗೆ ಹಿಡಿಯುತ್ತೇನೆ ಅಂತ ಒಮ್ಮೆ ಬರೆದುಬಿಡುತ್ತೇನೆ. ಉತಾರ ಅಂದ್ರೆ ಹೊಲದ ಪಹಣಿ, ಡೈರಿ ಅಂದ್ರೆ ಹಕ್ಕು ಬದಲಾದದ್ದನ್ನು ಬರೆಯುವ ಪುಸ್ತಕ, ಆಕಾರಬಂದ್ ಅಂದ್ರೆ ಸರ್ವೆ ನಂಬರಿನ ಅಳತೆ-ಕಂದಾಯದ ಪಟ್ಟಿ. ಇದಕ್ಕಿಂತ ಹೆಚ್ಚು ಇಲ್ಲಿ ಹೇಳಲ್ಲ.

ಮೊದಲು ಸೋತದ್ದು. ಸುಮಾರು ಹತ್ತು ವರ್ಷದ ಹಿಂದೆ ಒಬ್ಬ ವಕೀಲರು 1911ರ ಕಾಗದ ಕೊಟ್ಟರು. ಅದರಲ್ಲಿ ಒಬ್ಬಾತ 'ರಾಜೀನಾಮೆ' ಕೊಟ್ಟಿದ್ದ. ಮನೆತನ ಕುಲಕರ್ಣಿಯದು, ಅಂದ್ರೆ ಊರ ಲೆಕ್ಕ ಬರೆಯುವವರದು, ಹಾಗಾಗಿ ನಾನು ಹಿಂದೆ ಮುಂದೆ ನೋಡದೆ "ಹುದ್ದೆಗೆ ರಾಜೀನಾಮೆ ಕೊಟ್ಟರು" ಅಂತ ಬರೆದೆ. ಎದುರಿನ ವಕೀಲರು ಎದ್ದು ನಿಂತು "ಯಾವ ನೌಕರಿ ಬಿಟ್ಟಾನ್ರೀ ಇವ? ಹೊಲಾ ಬಿಟ್ಟಾನ" ಅಂದರು. ಇಡೀ ಹಾಲ್ ನಕ್ಕಿತು. ಮುಂಬೈ ಸರ್ಕಾರದ 1879ರ ಕಂದಾಯ ಕಾಯ್ದೆಯ ಕಾಲದಲ್ಲಿ ರಾಜೀನಾಮೆ ಅಂದ್ರೆ ಜಮೀನು ಬಿಟ್ಟುಕೊಡೋದು. ಅದನ್ನು ಹಿಡಿಯುವವನು ಕಬೂಲಾಯತಿ, ಅಂದ್ರೆ ಒಪ್ಪಿಗೆ ಪತ್ರ, ಬರೆದುಕೊಡುತ್ತಿದ್ದ. ಅದೇ ಶಬ್ದ ಕೋರ್ಟಿನ ಕಾಗದದಲ್ಲಿ ಬಂದರೆ ಎರಡೂ ಕಡೆಯವರು ರಾಜಿ ಆದರು ಅಂತ. ಒಂದೇ ಶಬ್ದ, ಮೂರು ಅರ್ಥ, ನಾನು ಆರಿಸಿದ್ದು ತಪ್ಪಿನದು. 2,500 ರೂಪಾಯಿ ಫೀ ವಾಪಸ್ ಕೊಟ್ಟೆ. ಆ ವಕೀಲರು ಒಂದು ವರ್ಷ ನನ್ನ ಕಡೆ ತಿರುಗಿ ನೋಡಲಿಲ್ಲ.

ಹಟ ಬಂತು. ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಕಲಿಯೋಕೆ ನಾಲ್ಕು ತಿಂಗಳು ಪ್ರತಿ ಭಾನುವಾರ ಬೆಳಗಾವಿಗೆ ಬಸ್ಸು ಹತ್ತಿದೆ. ಫೀ ಸುಮಾರು 6,000, ಬಸ್ ಚಾರ್ಜು ಬೇರೆ. ಓದೋಕೆ ಬಂತು, ಆದರೆ ಓದಿದ್ದು ತಿಳಿಯಬೇಕಲ್ವಾ? ಆಮೇಲೆ ಪುಟಕ್ಕೆ 200 ರೂಪಾಯಿ ತಗೊಂಡು ಓದಿಕೊಡುವ ಒಬ್ಬರನ್ನು ಹಿಡಿದೆ. ಅವರು ತಿಳಿಯದ ಕಡೆಯೆಲ್ಲ ಅಂದಾಜು ಹೊಡೆಯುತ್ತಿದ್ದರು. ಟೈಪ್ ಮಾಡಿ ಮೊಬೈಲಿನ ಅನುವಾದದ ಆ್ಯಪಿಗೂ ಹಾಕಿ ನೋಡಿದೆ. 'ಆಕಾರ 4 ರೂ. 8 ಆಣೆ' ಇದ್ದದ್ದು ಹೊಲದ 'ಶೇಪ್' ಆಯಿತು. ಕಂದಾಯಕ್ಕೂ ಶೇಪಿಗೂ ಏನು ಸಂಬಂಧ? 'ಪೋಟ್ ಖರಾಬ್' ಹೊಟ್ಟೆ ಕೆಟ್ಟಿದ್ದಾಯಿತು. ಮರಾಠಿಯಲ್ಲಿ ಪೋಟ್ ಅಂದ್ರೆ ಹೊಟ್ಟೆ ನಿಜ, ಆದರೆ ಇಲ್ಲಿ ಸರ್ವೆ ನಂಬರಿನ ಹೊಟ್ಟೆಯೊಳಗೆ ಉಳೋಕೆ ಬರದ ಜಾಗ. ಎಲ್ಲಾ ಸೇರಿ 18-20 ಸಾವಿರ ಹೋಯಿತು. ನಮ್ಮ ಮನೆಯವಳು "ಇದ ರೊಕ್ಕದಾಗ ಒಂದ್ ಎಮ್ಮಿ ಬರ್ತಿತ್ತು, ಹಾಲರೆ ಕೊಡ್ತಿತ್ತು" ಅಂದಳು.

ನಿಘಂಟು ನೋಡಲಿಲ್ವಾ ಅಂತ ಕೇಳಬಹುದು. ನೋಡಿದೆ. ವಿಲ್ಸನ್ನರ 1855ರ ಕೋಶ ಒಳ್ಳೆಯದೇ, ನ್ಯಾಯ-ಕಂದಾಯದ ಶಬ್ದಗಳಿಗೇ ಮಾಡಿದ್ದು. ಆದರೆ ಅದು ಇಡೀ ಹಿಂದೂಸ್ತಾನಕ್ಕೆ ಬರೆದದ್ದು. ಒಂದು ಶಬ್ದಕ್ಕೆ ನಾಲ್ಕೈದು ಅರ್ಥ ಇರುತ್ತೆ. ಅದರಲ್ಲಿ ನಮ್ಮ ಚಿಕ್ಕೋಡಿ ಕಡೆ ಯಾವುದು ನಡೆಯುತ್ತಿತ್ತು ಅಂತ ಯಾರು ಹೇಳಬೇಕು?

ಹೊಲ ಹೇಳುತ್ತೆ. ನನ್ನ ದಾರಿ ಇಷ್ಟೇ. 200 ಪುಟದ ನೋಟ್‌ಬುಕ್, ಎಡಗಡೆ ಪತ್ರದಲ್ಲಿ ಬಂದ ಶಬ್ದ, ಬಲಗಡೆ ಆ ಪತ್ರ ಆದ ಮೇಲೆ ಆ ಹೊಲಕ್ಕೆ ಏನಾಯಿತು ಅನ್ನೋದು. ಡೈರಿಯಲ್ಲಿ ಯಾರ ಹೆಸರು ಏರಿತು, ಯಾರ ಹೆಸರಿಗೆ ಕಂಸ ಬಿತ್ತು (ಅಂದ್ರೆ ಹೆಸರು ತೆಗೆದರು), ಸಾಗುವಳಿ ಕಾಲಂನಲ್ಲಿ ಯಾರು ಉಳಿದರು. ನಮ್ಮ ಕಡೆ ಹಕ್ಕು ದಾಖಲೆ ಶುರುವಾದದ್ದು 1903ರ ಕಾಯ್ದೆ ಬಂದ ಮೇಲೆ, ಹಾಗಾಗಿ ಅಲ್ಲಿಂದ ಈಚೆಗೆ ದಾರ ಎಳೆಯಬಹುದು. ಮೂರು ಬೇರೆ ಬೇರೆ ಊರಿನ ಮೂರು ಕಾಗದದಲ್ಲಿ ಒಂದೇ ಥರ ಆಗಿದ್ದರೆ ಮಾತ್ರ ಅರ್ಥವನ್ನು ಪೆನ್ನಲ್ಲಿ ಬರೀತೀನಿ, ಅಲ್ಲಿವರೆಗೆ ಪೆನ್ಸಿಲ್. ಈಗ ನಾಲ್ಕು ನೋಟ್‌ಬುಕ್ ತುಂಬಿವೆ. 600ರ ಆಸುಪಾಸು ಶಬ್ದ, ಅದರಲ್ಲಿ ಪೆನ್ನು ಬಿದ್ದದ್ದು 350 ಇರಬಹುದು.

ನಮ್ಮಲ್ಲಿ ಹಿರಿಯ ಬಾಂಡ್ ರೈಟರ್ ಒಬ್ಬರು "ಶಬ್ದದ ಅರ್ಥ ಹೊಲಕ್ಕ ಕೇಳ್ತಿಯೇನಲೇ ಹುಚ್ಚಪ್ಯಾಲಿ" ಅಂದಿದ್ದರು. ಕೇಳಿದೆ, ಹೇಳಿತು. ಈಗ ವಹಿವಾಟು ಅಂದ್ರೆ ವ್ಯಾಪಾರ ಅಂತೀವಿ, ಹಳೇ ಕಾಗದದಲ್ಲಿ ಅದು ನೋಡಿಕೊಳ್ಳೋದು, ಅನುಭವಿಸೋದು. ವಹಿವಾಟದಾರ ಅಂತ ಬರೆದ ಮಾತ್ರಕ್ಕೆ ಅವನು ಮಾಲೀಕ ಅಲ್ಲ. ಖುಷ್ ಖರೀದಿಯಲ್ಲಿ ಖುಷಿ ಏನೂ ಇಲ್ಲ, ಮನಸಾರೆ ಪೂರ್ತಿ ಮಾರಿದ್ದು ಅಂತ. ಮುದ್ದತ್ ಖರೀದಿಯಲ್ಲಿ ಗಡುವಿನೊಳಗೆ ದುಡ್ಡು ಕೊಟ್ಟರೆ ಹೊಲ ವಾಪಸ್. ಇಲ್ಲೇ ಜಾಸ್ತಿ ಜನ ಬೀಳೋದು. ಆ ಷರತ್ತು ಮಾರಾಟದ ಪತ್ರದಲ್ಲೇ ಇದ್ದರೆ ಮಾತ್ರ ಅದನ್ನು ಅಡಮಾನ ಅನ್ನಬಹುದು ಅಂತ ಆಸ್ತಿ ವರ್ಗಾವಣೆ ಕಾಯ್ದೆಗೆ ತಿದ್ದುಪಡಿ ಬಂದದ್ದು 1929ರಲ್ಲಿ. ಅದಕ್ಕಿಂತ ಹಳೇ ಪತ್ರ ಕೈಗೆ ಬಂದರೆ ಬೇರೆ ಚೀಟಿ ಏನಾದರೂ ಇದೆಯಾ ಅಂತ ಮನೆಯ ಟ್ರಂಕು ಪೂರಾ ತೆಗೆಸಿ ನೋಡಿ.

ನಡುವೆ ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಮಾಸಿದ ಅಕ್ಷರ ಕಾಣುತ್ತೆ ಅಂತ ಯಾರೋ ಹೇಳಿದ್ದಕ್ಕೆ ನೋಟು ನೋಡುವ ನೀಲಿ ಟಾರ್ಚು ತರಿಸಿದೆ. 350 ರೂಪಾಯಿ ನೀರಿಗೆ ಹಾಕಿದ ಹಾಗೆ. ಮೊಬೈಲ್ ಟಾರ್ಚನ್ನೇ ಕಾಗದದ ಅಂಚಿಗೆ ಮಲಗಿಸಿ ಹಿಡಿದರೆ ಲೇಖನಿ ಒತ್ತಿದ ಗೆರೆ ಕಾಣುತ್ತೆ. ಬೋರು, ಅಂದ್ರೆ ಜೊಂಡಿನ ಲೇಖನಿ, ತಗೊಂಡು ನಾನೇ ಮೋಡಿ ಬರೆದೆ. ಮೊದಲು ತಲೆಗೆರೆ ಪೂರಾ ಎಳೆದುಕೊಂಡು ಆಮೇಲೆ ಕೈ ಎತ್ತದೆ ಅಕ್ಷರ ತೂಗುಹಾಕುತ್ತಾ ಹೋಗೋದು. ನೂರು ಪುಟ ಬರೆದ ಮೇಲೆ ಬರೆದವನ ಅವಸರ ಎಲ್ಲಿ ಅಂತ ಕೈಗೇ ಗೊತ್ತಾಗುತ್ತೆ. ಒಂದು ಪತ್ರದ ಕೊನೆಗೆ ಸಣ್ಣ ಚಿತ್ರ ಇತ್ತು. ನನ್ನ ಹುಡುಗ ಅದನ್ನು ಬಾವುಟ ಅಂದ. ಅದು ನೇಗಿಲು. ಸಹಿ ಬಾರದ ರೈತನ ಗುರುತು, ಪಕ್ಕದಲ್ಲೇ 'ನಿಶಾಣಿ ನಾಂಗರ', ಅಂದ್ರೆ ನೇಗಿಲ ಗುರುತು, ಅಂತಲೂ ಬರೆದಿತ್ತು.

ತಾರೀಖಿಗೂ ಒದ್ದಾಡಿದೆ. ಫಸಲಿ, ಅಂದ್ರೆ ಕಂದಾಯದ ವರ್ಷ, ಅದಕ್ಕೆ 590 ಕೂಡಿಸಿದರೆ ಆಯ್ತು, 1321 ಅಂದ್ರೆ 1911-12. ಮರಾಠರ ಕಾಲದ ವರ್ಷದ ಲೆಕ್ಕ ಶುಹೂರ್ ಸನ್, ಅದು ಅರಬ್ಬಿ ಶಬ್ದದಲ್ಲಿರುತ್ತೆ. 'ಸಲಾಸ ಅಶರೀನ ಮಯ್ಯಾತೈನ ವ ಅಲಫ್' ಅಂದ್ರೆ 3, 20, 200, 1000. ಒಟ್ಟು 1223, ಅದಕ್ಕೆ 599 ಇಲ್ಲವೇ 600 ಕೂಡಿಸಬೇಕು. ಯಾವಾಗ ಯಾವುದು ಅಂತ ತಿಂಗಳು ನೋಡಿ ಹೇಳೋಕೆ ನನ್ನದೊಂದು ಸುಲಭದ ಉಪಾಯ ಇದೆ, ಅದನ್ನು ಬರೆಯಲ್ಲ. ದತ್ತಕ ಹೋದವನನ್ನು 'ಬಿನ್' (ಇಂಥವನ ಮಗ ಅನ್ನೋ ಶಬ್ದ) ನೋಡಿ ಹಿಡಿಯೋದೂ ಹಾಗೇ. ಅದು ಹೊಟ್ಟೆಪಾಡು.

ಇನ್ನು ಆ ಮೂರು ಅಕ್ಷರ. ಎರಡು ವರ್ಷದ ಹಿಂದೆ ನಿಪ್ಪಾಣಿ ಕಡೆಯ ಅಣ್ಣತಮ್ಮಂದಿರ ಮೊಮ್ಮಕ್ಕಳ ಜಗಳ. ಉತಾರದಲ್ಲಿ ದೊಡ್ಡಣ್ಣನ ಹೆಸರು ಒಂದೇ. ಅವನ ಕಡೆಯವರು "ಹೊಲ ಅಜ್ಜನ ಸ್ವಂತದ್ದು" ಅಂತ ಕೂತಿದ್ದರು. 1938ರ ಕೈಬರಹದ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಮರಾಠಿಯಲ್ಲಿ 'ಏ.ಕು.ಮ್ಯಾ.' ಅಂತ ಇರುವೆ ತಲೆಯಷ್ಟು ಇತ್ತು. ಏಕತ್ರ ಕುಟುಂಬ ಮ್ಯಾನೇಜರ್, ಅಂದ್ರೆ ಕೂಡಿದ ಮನೆಯ ಯಜಮಾನ. ಮುಂದೆ ಪುಸ್ತಕ ಹೊಸದಾಗಿ ನಕಲು ಮಾಡುವಾಗ ಯಾರೋ ಅದನ್ನು ಬಿಟ್ಟಿದ್ದರು, ಕಂಪ್ಯೂಟರಿಗೆ ಬರೋದಂತೂ ದೂರದ ಮಾತು. ಎದುರಿನವರು ಅದು ಊರಿನ ಹೆಸರೋ ಏನೋ ಅಂದರು. ನಾನು ಅದೇ ಪುಸ್ತಕದಲ್ಲಿ ಆ ಮೂರು ಅಕ್ಷರ ಇದ್ದ ಬೇರೆ ಮನೆತನಗಳ ಹನ್ನೆರಡು ಎಂಟ್ರಿ ತೆಗೆದೆ. ಹನ್ನೊಂದರಲ್ಲಿ ಮುಂದೆ ವಾಟ್ನಿ, ಅಂದ್ರೆ ಪಾಲು, ಆಗಿ ಎಲ್ಲಾ ಅಣ್ಣತಮ್ಮಂದಿರ ಹೆಸರು ಏರಿದ್ದವು. ಒಂದು ಮಾತ್ರ ಉಲ್ಟಾ ಇತ್ತು. ವಕೀಲರು ಬೇಡ ಅಂದರೂ ಅದನ್ನೂ ಪಟ್ಟಿಗೆ ಸೇರಿಸಿದೆ. ತಮ್ಮಂದಿರ ಕಡೆಯವರಿಗೆ ಪಾಲು ಸಿಕ್ಕಿತು. ಬೇರೆ ಕಾಗದವೂ ಇದ್ದವು, ನನ್ನೊಬ್ಬನಿಂದಲೇ ಗೆದ್ದರು ಅಂತ ಹೇಳಲ್ಲ, ಆದರೆ ವಾದ ನಿಂತದ್ದು ಆ ಪಟ್ಟಿಯ ಮೇಲೆ. 15,000 ಕೊಟ್ಟರು. ಎಮ್ಮೆಗೆ ಸಾಲಲ್ಲ ಅಂತ ಮನೆಯಲ್ಲಿ ಈಗಲೂ ಮಾತು ಬರುತ್ತೆ.

ಹುಚ್ಚಪ್ಯಾಲಿ ಅಂದಿದ್ದ ಹಿರಿಯರು ಹೋದ ತಿಂಗಳು ಕ್ಯಾರಿಬ್ಯಾಗಿನಲ್ಲಿ ಒಂದು ಪತ್ರ ಹಿಡಿದುಕೊಂಡು ಬಂದರು. ಅದರಲ್ಲಿ ಹೊಲದ ಅಳತೆ 'ಮೂರು ಕುರಗಿ' ಅಂತಿದೆ. ಒಂದು ಕೂರಿಗೆ ಒಂದು ದಿನ ಬಿತ್ತುವಷ್ಟು ನೆಲ, ಅದು ಗೊತ್ತು. ಆದರೆ ನನ್ನ ಹತ್ತಿರ ಇರುವ ಒಂದು ಊರಿನ ಕಾಗದಕ್ಕೆ ಲೆಕ್ಕ ಹಾಕಿದರೆ ಕುರಗಿಗೆ ನಾಲ್ಕು ಎಕರೆ ಚಿಲ್ರೆ ಬರುತ್ತೆ, ಇನ್ನೊಂದು ಊರಿನದಕ್ಕೆ ಎಂಟರ ಹತ್ತಿರ. ಸದ್ಯ ಪೆನ್ಸಿಲ್‌ನಲ್ಲೇ ಇದೆ. ಹುಕ್ಕೇರಿ, ರಾಯಬಾಗ ಕಡೆಯ ಯಾರ ಹತ್ತಿರವಾದರೂ ಕುರಗಿ ಇರುವ ಪತ್ರ, ಅದೇ ಹೊಲದ ಸರ್ವೆ ಉತಾರ ಎರಡೂ ಇದ್ದರೆ ತಗೊಂಡು ಬನ್ನಿ. ಚಹಾ ನನ್ನದು.